ಸಹಾಯ ಬೇಕು: ಹೊಸಬನ ಭುಜಕ್ಕೆ ಯಾವ ರೈಫಲ್?

ಪುಣೆಯಲ್ಲಿರುವ ಮಲೆನಾಡಿನವನು ನಾನು. ಡಿಸೆಂಬರ್‌ನಲ್ಲಿ ಟೆಕ್ಸಾಸ್‌ಗೆ, ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಭಾವ ವೈಟ್‌ಟೇಲ್ ಜಿಂಕೆ ಬೇಟೆಗೆ ಕರೆದಿದ್ದಾರೆ. (ಇಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಷೇಧ, ಗೊತ್ತು. ಅಲ್ಲಿ ಲೈಸೆನ್ಸ್ ಪಡೆದೇ ಹೋಗುವುದು.)

ನನ್ನ ಅನುಭವ ಅಂದ್ರೆ ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜ್‌ನಲ್ಲಿ 10 ಮೀಟರ್ ಏರ್ ರೈಫಲ್, ಅಷ್ಟೇ. ಅದು ಹೊಡೆದಾಗ ಹಿಂದಕ್ಕೆ ಭುಜಕ್ಕೆ ಒದೆಯುವುದೇ ಇಲ್ಲ. ಕಳೆದ ವರ್ಷ ಟೆಕ್ಸಾಸ್‌ಗೆ ಹೋದಾಗ ಭಾವನ .308 ರೈಫಲ್ (ಅಂಕಿ ಗುಂಡಿನ ಅಗಲ, ಇಂಚಿನಲ್ಲಿ) ಹಿಡಿದು ಐದು ಈಡು ಹೊಡೆದೆ. ಮೂರನೆಯದಕ್ಕೇ ಟ್ರಿಗರ್ ಒತ್ತುವ ಮೊದಲು ಕಣ್ಣು ತಾನಾಗಿ ಮುಚ್ಚುತ್ತಿತ್ತು! ದಪ್ಪ ರಬ್ಬರ್ ಪ್ಯಾಡ್ ಹಾಕಿಯೂ ನೋಡಿದೆವು. ಭುಜದ ನೋವು ಕಮ್ಮಿಯಾಯಿತು, ಬೆಚ್ಚುವುದು ನಿಲ್ಲಲಿಲ್ಲ.

.243 ವಿಂಚೆಸ್ಟರ್‌ನ ಒದೆತ .308ರ ಹೆಚ್ಚುಕಡಿಮೆ ಅರ್ಧ, 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ಗುಂಡು ಜಿಂಕೆಗೆ ಸಾಕು ಅಂತಾರೆ. ಆದರೆ ಗುಂಡು ಸಣ್ಣದು. ನನ್ನಂಥವನ ಗುರಿ ನಾಲ್ಕು ಬೆರಳು ತಪ್ಪಿದರೆ ಪ್ರಾಣಿ ಗಾಯಗೊಂಡು ಓಡುತ್ತದೆ ಅಲ್ವಾ? ಅದೊಂದು ಬೇಡ. 6.5 ಕ್ರೀಡ್‌ಮೋರ್ (ಇದರ ಅಂಕಿ ಮಿಲಿಮೀಟರ್‌ನಲ್ಲಿ) ಒದೆತದಲ್ಲಿ .243, .308 ಇವೆರಡರ ನಡುವಿನದು. ಭಾವ ಮಾತ್ರ '.308ಕ್ಕೇ ಕಮ್ಮಿ ಒದೆಯುವ ತೋಟಾ ಸಿಗುತ್ತೆ, ಸುಮ್ನೆ ತಗೋ' ಅಂತಾರೆ.

150 ಮೀಟರ್ ಒಳಗೇ ಹೊಡೆಯುವುದು. .243, 6.5, ಕಮ್ಮಿ ಒದೆಯುವ ತೋಟಾದ .308: ಹೊಸಬನಿಗೆ ಈ ಮೂರರಲ್ಲಿ ಯಾವುದು? ಸ್ವತಃ ಹೊಡೆದವರು ಹೇಳಿ.