ಕಡಲಿಗೊಂದು ತೊಟ್ಟೆ

“ಭಾನುವಾರ ಒಂದೇ ದಿನದಲ್ಲಿ ಕಾಸರಗೋಡು ಕಡೆಯ ಎಂಟು ಬೀಚು ಕವರ್ ಮಾಡ್ತೇವೆ ಮಾವ,” ಅಂದ ಸುಮಂತ.

ಭಟ್ರು ಬಾಯಿಯ ಕವಳವನ್ನು ಒಂದು ದವಡೆಗೆ ಸರಿಸಿಕೊಂಡರು. “ಯಾವ ಕವರು? ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಕಟ್ಟುವುದಾ?”

“ಅದಲ್ಲ. ಕವರ್ ಮಾಡುವುದು ಅಂದ್ರೆ ಎಲ್ಲ ನೋಡಿ ಮುಗಿಸುವುದು.”

“ಮುಗಿಸ್ಲಿಕ್ಕೆ ಅದೇನು ಪಾಯಸವಾ?” ಅಂದರು ಶಾಂತಕ್ಕ. “ನಿಮ್ಮ ಬೆಂಗಳೂರಿನ ಅಂಗಡಿಯವ ಕವರ್ ಬೇಕಾ ಅಂತ ಕೇಳ್ತಾನಲ್ಲ, ಅದಕ್ಕೆ ನಮ್ಮಲ್ಲಿ ತೊಟ್ಟೆ ಅಂತ ಹೆಸರು. ಎಂಟು ಬೀಚನ್ನೂ ಒಂದು ತೊಟ್ಟೆಗೆ ಹಾಕಿ, ಬಾಯಿ ಗಂಟು ಕಟ್ಟಿ ಬೆಂಗಳೂರಿಗೆ ಕೊಂಡುಹೋಗುವ ಅಂದಾಜಾ?”

ಸುಮಂತ ಉತ್ತರ ಕೊಡದೆ ಮೊಬೈಲು ತೆಗೆದು ಪಟ್ಟಿ ಓದಿದ. “ಆರಕ್ಕೆ ತಲಪಾಡಿ. ಆರೂವರೆಗೆ ಕಣ್ವತೀರ್ಥ. ಏಳೂಕಾಲಿಗೆ ನಮ್ಮ ಕುಂಬಳೆ ಕೋಯಿಪ್ಪಾಡಿ. ಎಂಟಕ್ಕೆ ಕಾಸರಗೋಡು. ಆಮೇಲೆ ಕಾಪ್ಪಿಲ್, ಬೇಕಲ, ಹೊಸದುರ್ಗ. ಸೂರ್ಯಾಸ್ತಕ್ಕೆ ವಲಿಯಪರಂಬ.”

“ಮಾಷ್ಟ್ರು ಹಾಜರಿ ಕರೆದ ಹಾಗೇ ಉಂಟು. ಕಡಲು ‘ಹಾಜರ್ ಸಾರ್’ ಅಂದ ಕೂಡಲೇ ಮುಂದಿನ ಹೆಸರು.”

“ನಾನು ಕರೆಯುವಾಗ ಮುಖವನ್ನಾದ್ರೂ ನೋಡ್ತಿದ್ದೆ ಮಾರಾಯ್ತಿ,” ಅಂದರು ಮಾಷ್ಟ್ರು. “ಇವರು ಕಡಲಿಗೆ ಬೆನ್ನು ಹಾಕಿ ನಿಂತು ತಮ್ಮ ಮುಖವನ್ನೇ ನೋಡಿಕೊಳ್ಳುವುದಲ್ವಾ.”

ಹಮೀದಿಚ್ಚ ಚಾ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದ ಮನುಷ್ಯ. ದಾರಿಯ ವಿಷಯ ಬಂದರೆ ಮೊದಲು ಲೋಟ ಕೆಳಗಿಡುತ್ತಾರೆ.

“ಒಂದು ಬೀಚಿನಿಂದ ಇನ್ನೊಂದಕ್ಕೆ ಹೇಗೆ ಹೋಗ್ತೀ?”

“ಮ್ಯಾಪಿನಲ್ಲಿ ಎಲ್ಲ ಒಂದೇ ಗೆರೆಯ ಮೇಲೆ ಉಂಟು ಹಮೀದಿಚ್ಚ. ತೀರದಲ್ಲೇ ನೇರ ತೆಂಕಕ್ಕೆ.”

“ಹೊಳೆ?”

“ಯಾವ ಹೊಳೆ?”

“ಯಾವುದು ಅಂತ ಹೇಳುವುದು! ಮಂಜೇಶ್ವರ ಹೊಳೆ, ಉಪ್ಪಳ ಹೊಳೆ, ಶಿರಿಯಾ, ಮೊಗ್ರಾಲು, ಚಂದ್ರಗಿರಿ, ಬೇಕಲ, ಚಿತ್ತಾರಿ, ನೀಲೇಶ್ವರ...”

“ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು,” ಅಂದರು ಮಾಷ್ಟ್ರು. ಪರೀಕ್ಷೆಗೆ ಬರುವ ಪ್ರಶ್ನೆ ಇದು ಎಂಬ ಧ್ವನಿ.

“ಹೊಳೆ ಕಡಲಿಗೆ ಸೇರುವಲ್ಲೆಲ್ಲ ಅಳಿವೆ,” ಅಂದರು ಹಮೀದಿಚ್ಚ. “ ಅಳಿವೆಯ ಬಾಯಿಗೆ ಸೇತುವೆ ಕಟ್ಟುವುದಿಲ್ಲ. ಆದ ಕಾರಣ ಪ್ರತಿ ಬೀಚಿನಿಂದಲೂ ಮೂಡಕ್ಕೆ ಮಾರ್ಗಕ್ಕೆ ಬರಬೇಕು, ಹೊಳೆ ದಾಟಬೇಕು, ತಿರುಗಿ ಪಡುವಕ್ಕೆ ಇಳಿಯಬೇಕು. ಬಾಚಣಿಗೆ ನೋಡಿದ್ದೀಯಲ್ಲ? ಮಾರ್ಗ ಅಂದ್ರೆ ಅದರ ಬೆನ್ನು, ಬೀಚುಗಳೆಲ್ಲ ಹಲ್ಲಿನ ತುದಿಯಲ್ಲಿ. ಹಲ್ಲಿನಿಂದ ಹಲ್ಲಿಗೆ ಹಾರ್ಲಿಕ್ಕಾಗುವುದಿಲ್ಲ.”

“ಮತ್ತೆ ಮಾರ್ಗಕ್ಕೂ ಕಡಲಿಗೂ ನಡುವೆ ರೈಲು ಹಳಿ,” ಅಂದರು ಶಾಂತಕ್ಕ. “ಹಳಿ ದಾಟದೆ ನಮಗೆ ಕಡಲಿಲ್ಲ. ಎಂಟು ಬೀಚು ಅಂದ್ರೆ ಹೋಗುವಾಗ ಎಂಟು ಸಲ, ಬರುವಾಗ ಎಂಟು ಸಲ.”

ಭಟ್ರಿಗೆ ಲೆಕ್ಕ ಅಂದರೆ ಪ್ರಾಣ. “16 ಗೇಟು. ಒಂದಕ್ಕೆ ಹತ್ತು ನಿಮಿಷ ಹಾಕಿದ್ರೆ 160 ನಿಮಿಷ. ಎರಡು ಗಂಟೆ ನಲ್ವತ್ತು ನಿಮಿಷ ಬರೀ ಗೇಟಿಗೆ.”

“ಎಲ್ಲ ಕಡೆ ಗೇಟಿಲ್ಲ ಭಟ್ರೇ, ಕೆಲವು ಕಡೆ ಮೇಲ್ಸೇತುವೆ ಆಗಿದೆ,” ಅಂದರು ಹಮೀದಿಚ್ಚ. “ಅರ್ಧ ಕಳೆಯಿರಿ. ಆದ್ರೆ ಇರುವ ಗೇಟಿನ ಗಮ್ಮತ್ತು ಬೇರೆ. ಗೇಟು ಹಾಕದೆ ರೈಲಿಗೆ ಸಿಗ್ನಲ್ ಬೀಳುವುದಿಲ್ಲ, ಆದ್ದರಿಂದ ಮೊದಲೇ ಹಾಕಿ ಇಡ್ತಾರೆ. ಎರಡು ಹಳಿ ಬೇರೆ. ಮಂಗಳೂರಿಗೆ ಹೋಗುವುದು ಹೋಯ್ತು ಅಂತ ನೀನು ಗಾಡಿ ಸ್ಟಾರ್ಟ್ ಮಾಡ್ತೀ, ಅಷ್ಟರಲ್ಲಿ ಆಚೆಯಿಂದ ಕಣ್ಣೂರಿನದ್ದು ಬರ್ತದೆ. ಹೊಸಂಗಡಿಯಲ್ಲೋ ಕೋಟಿಕುಳಂನಲ್ಲೋ ನಿಂತವರನ್ನು ಕೇಳು.”

“ಹಾಗಾದ್ರೆ ನೀವು ಕವರ್ ಮಾಡುವುದು ಬೀಚನ್ನಲ್ಲ, ಗೇಟನ್ನು,” ಅಂದರು ಶಾಂತಕ್ಕ. “ಅದರದ್ದೇ ಒಂದು ವೀಡಿಯೋ ಹಾಕು. ‘ಕಾಸರಗೋಡಿನಲ್ಲಿ ನೋಡಲೇಬೇಕಾದ ಎಂಟು ರೈಲ್ವೇ ಗೇಟುಗಳು.’ ನೋಡುವವರು ಸಿಗ್ತಾರೆ.”

ಸುಮಂತ ಸೋಲುವವನಲ್ಲ. “ಹೆದ್ದಾರಿ ಈಗ ಆರು ಪಥ ಆಗಿದೆಯಲ್ಲ. ಗೇಟಿನಲ್ಲಿ ಹೋದ ಸಮಯ ಅಲ್ಲಿ ಉಳಿಸ್ತೇವೆ.”

ಎಲ್ಲರೂ ಹಮೀದಿಚ್ಚನ ಮುಖ ನೋಡಿದರು. ಲೋಟ ಇನ್ನೂ ಕೆಳಗೇ ಇತ್ತು.

“ಆರು ಪಥ ಊರು ದಾಟುವವರಿಗೆ ಮಾಡಿದ್ದು, ಊರಿಗೆ ಹೋಗುವವರಿಗಲ್ಲ. ಕಡಲಿಗೆ ಇಳಿಯಬೇಕಾದ್ರೆ ಮೊದಲೇ ಸರ್ವಿಸ್ ರೋಡಿಗೆ ಬಂದಿರಬೇಕು. ಮೇಲೆಯೇ ಉಳಿದ್ರೆ ಬೇಕಾದ ಊರು ಕಾಲಡಿಯಲ್ಲಿ ಕಾಣ್ತದೆ, ಇಳಿಯುವ ದಾರಿ ಮಾತ್ರ ಎಲ್ಲಿಯೋ ಮುಂದೆ. ಇನ್ನು ದೊಡ್ಡ ಮೋಸ ಹೇಳ್ತೇನೆ ಕೇಳು. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರು, ಅಲ್ಲಿಂದ ನೀಲೇಶ್ವರಕ್ಕೆ 37. ಕಾಸರಗೋಡು ಕಳೆದ ಮೇಲೆ ಹೆದ್ದಾರಿ ಮೂಡಕ್ಕೆ ತಿರುಗಿ ಚೆರ್ಕಳ, ಪೊಯಿನಾಚಿ, ಪೆರಿಯ ಅಂತ ಗುಡ್ಡೆಯಲ್ಲೇ ಹೋಗ್ತದೆ. ಅದನ್ನೇ ಹಿಡಿದ್ರೆ ಕಾಪ್ಪಿಲೂ ಇಲ್ಲ, ಬೇಕಲವೂ ಇಲ್ಲ. ಕಾಸರಗೋಡು ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ ಅಂತ ಕರಾವಳಿ ಮಾರ್ಗದಲ್ಲಿ ಹೋಗಬೇಕು. ಪೇಟೆಯಿಂದ ಬೇಕಲಕ್ಕೆ 16 ಕಿಲೋಮೀಟರು. ಮಾರ್ಗ ಚಂದ ಉಂಟು, ಆದ್ರೆ ಉದ್ದಕ್ಕೂ ಪೇಟೆ, ಶಾಲೆ, ಪಳ್ಳಿ. ಮುಕ್ಕಾಲು ಗಂಟೆ ಇಟ್ಟುಕೋ.”

“ಪೆಟ್ರೋಲು ತಲಪಾಡಿಯಲ್ಲಿ ಗಡಿಯ ಆಚೆಯೇ ಫುಲ್ ಮಾಡಿಸು,” ಅಂದರು ಭಟ್ರು. “ಕರ್ನಾಟಕದ ರೇಟು ಕಡಿಮೆ.”

“ನಮ್ಮವರ ಕರ್ನಾಟಕ ಪ್ರೇಮ ಇಂಥಲ್ಲೆಲ್ಲ ಉಕ್ಕಿ ಬರ್ತದೆ,” ಅಂದರು ಶಾಂತಕ್ಕ.

ಸುಮಂತ ಮೊಬೈಲಿನಲ್ಲಿ ಏನೋ ಒತ್ತಿ ಹುಬ್ಬು ಗಂಟಿಕ್ಕಿದ. “ಇದೆಂತದು, ಹೊಸದುರ್ಗಕ್ಕೆ ಏಳು ಗಂಟೆ ತೋರಿಸ್ತದೆ!”

ಮಾಷ್ಟ್ರು ಬಗ್ಗಿ ನೋಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಮಾರಾಯಾ!”

“ಅಲ್ಲಿಗೇ ಹೋಗು,” ಅಂದರು ಶಾಂತಕ್ಕ. “ಅಲ್ಲಿ ಕಡಲಿಲ್ಲ. ಕವರ್ ಮಾಡ್ಲಿಕ್ಕೆ ಸುಲಭ.”

“ನಮ್ಮ ಹೊಸದುರ್ಗ ಬೇಕಾದ್ರೆ ಕಾಞಂಗಾಡ್ ಅಂತ ಹಾಕಬೇಕು. ಕೋಟೆ ಮತ್ತು ತಾಲೂಕು ಮಾತ್ರ ಹೊಸದುರ್ಗ, ಪೇಟೆ, ರೈಲ್ವೇ ಸ್ಟೇಷನ್ ಎಲ್ಲ ಕಾಞಂಗಾಡ್. ಪಳ್ಳಿಕೆರೆಯೂ ಎರಡುಂಟು, ಬೇಕಲದ ಹತ್ತಿರ ಒಂದು, ನೀಲೇಶ್ವರದ ಹತ್ತಿರ ಒಂದು. ಕಡಲ ಬದಿಯ ಪಾರ್ಕು ಬೇಕಲದ್ದರಲ್ಲಿ.” ಮಾಷ್ಟ್ರ ನಗು ಅರ್ಧಕ್ಕೆ ನಿಂತಿತು. “1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಊರು ಅಲ್ಲೇ ಇದ್ದದ್ದು, ಕಾಗದ ಮಾತ್ರ ಕೇರಳಕ್ಕೆ ಹೋಯಿತು. ಈಗ ಅದರ ಹೆಸರು ಕೇಳಿದ್ರೆ ಫೋನು ಚಿತ್ರದುರ್ಗಕ್ಕೆ ಕಳಿಸ್ತದೆ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಭಟ್ರು ಕವಳ ಉಗುಳಲು ಅಂಗಳಕ್ಕೆ ಇಳಿದರು. ಇಂಥ ಹೊತ್ತಿಗೆ ಅವರಿಗೆ ಕವಳ ಒಂದು ಅನುಕೂಲ.

“ಕಾರು ಬೀಚಿನ ಹೊಯ್ಗೆಗೆ, ಮರಳಿಗೆ ಇಳಿಸಿ ಒಂದು ಶಾಟ್ ತೆಗೆಯಬೇಕು,” ಅಂದ ಸುಮಂತ, ವಿಷಯ ಬದಲಿಸುವವನ ಹಾಗೆ.

“ಯಾರ ಕಾರು?” ಹಮೀದಿಚ್ಚ ನೆಟ್ಟಗೆ ಕೂತರು.

“ನಿಮ್ಮದಲ್ಲ. ಗೆಳೆಯನದ್ದು.”

“ಹಾಗಾದ್ರೆ ಸಮಾಧಾನವಾಗಿ ಹೇಳ್ತೇನೆ. ಇಳಿಸಬೇಡ. ಇಳಿಸಿದ್ರೆ ಹೂಳ್ತದೆ. ಹೂತ ಕೂಡಲೇ ಎಲ್ಲರೂ ಮಾಡುವುದು ಎಂತ ಅಂದ್ರೆ ಆಕ್ಸಿಲರೇಟರ್ ಒತ್ತುವುದು. ಚಕ್ರ ತಿರುಗಿದಷ್ಟೂ ತನ್ನ ಗುಂಡಿ ತಾನೇ ತೋಡ್ತದೆ, ಆಕ್ಸಲು ಹೊಯ್ಗೆಗೆ ಕೂತ ಮೇಲೆ ಟ್ರಾಕ್ಟರೇ ಗತಿ. ಮೊದಲು ಕಾಲು ತೆಗಿ. ಎಲ್ಲರೂ ಇಳಿಯಿರಿ. ಚಕ್ರದ ಮುಂದಿನ ಹೊಯ್ಗೆಯನ್ನು ಕೈಯಲ್ಲಿ ಇಳಿಜಾರು ಮಾಡಿ ಬಾಚಬೇಕು. ಟಯರಿನ ಗಾಳಿ 32 ಇದ್ದದ್ದನ್ನು 18ಕ್ಕೆ ಇಳಿಸು, ಆಗ ಟಯರು ಚಪ್ಪಟೆಯಾಗಿ ಹೊಯ್ಗೆಯ ಮೇಲೆ ಅಗಲಕ್ಕೆ ಕೂತುಕೊಳ್ತದೆ. ಚಕ್ರದ ಅಡಿಗೆ ತೆಂಗಿನ ಮಡಲು, ಇಲ್ಲದಿದ್ರೆ ಕಾರಿನದ್ದೇ ಮ್ಯಾಟು. ಸ್ಟೇರಿಂಗ್ ನೇರ ಇಟ್ಟು ಸೆಕೆಂಡ್ ಗೇರಿನಲ್ಲಿ ನಿಧಾನ. ಸಣ್ಣ ಕಾರಿನಲ್ಲಿ ಎಳೆಯುವುದು ಮುಂದಿನ ಚಕ್ರ, ಮಡಲು ಹಿಂದಿನದ್ದಕ್ಕೆ ಕೊಟ್ಟು ಪ್ರಯೋಜನ ಇಲ್ಲ. ಹೊರಗೆ ಬಂದ ಮೇಲೆ ಗಾಳಿ ತುಂಬಿಸದೆ ಮಾರ್ಗದಲ್ಲಿ ಜೋರು ಓಡಿಸಬೇಡ, ಟಯರು ಬಿಸಿಯಾಗಿ ಒಡೀತದೆ. ಅದೇ ಸಂಜೆ ಅಡಿಭಾಗಕ್ಕೆ ಸಿಹಿನೀರು ಹೊಡಿ. ಇಲ್ಲದಿದ್ರೆ ಬೆಳಿಗ್ಗೆ ಬ್ರೇಕ್ ಡಿಸ್ಕಿನಲ್ಲಿ ತುಕ್ಕು ನೋಡಬಹುದು.”

“ಗೆಳೆಯನ ಕಾರಿಗೆ ಕವರ್ ಉಂಟಾ ಅಂತ ಕೇಳಿಕೋ,” ಅಂದರು ಶಾಂತಕ್ಕ.

“ನೀಲೇಶ್ವರದ ಹತ್ತಿರ ತೈಕಡಪ್ಪುರದಲ್ಲಂತೂ ಗಾಡಿ ಇಳಿಸಲೇಬೇಡ,” ಅಂದರು ಮಾಷ್ಟ್ರು. “ಅಲ್ಲಿಗೆ ಈ ಛಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಬರ್ತದೆ. ಒಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆ, ಮರಿ ಬರ್ಲಿಕ್ಕೆ ಒಂದೂವರೆ ಎರಡು ತಿಂಗಳು. ಹೊರಗೆ ಬಂದ ಮರಿ ಬೆಳಕು ಎಲ್ಲಿ ಕಾಣ್ತದೋ ಆಚೆ ನಡೀತದೆ. ಕಡಲಿನ ಮೇಲಿನ ಬೆಳಕು ಅಂತ ಅದರ ನಂಬಿಕೆ. ಇವರು ಹೆಡ್‌ಲೈಟ್ ಹಾಕಿದ್ರೆ, ಬೆಂಕಿ ಮಾಡಿ ಗಿಟಾರು ಬಾರಿಸಿದ್ರೆ, ಅದು ಸೀದಾ ಇವರ ಹತ್ತಿರವೇ ಬರ್ತದೆ.”

“ಪಾಪ, ಹುಟ್ಟಿದ ದಿನವೇ ರೀಲು ನೋಡುವ ಗ್ರಹಚಾರ,” ಅಂದರು ಶಾಂತಕ್ಕ.

“ಬೇಕಲದಲ್ಲಿ ಡ್ರೋನು ಹಾರಿಸ್ತೇವೆ,” ಅಂದ ಸುಮಂತ. ಅವನಿಗೂ ಈಗ ಹಟ.

“ಪುರಾತತ್ವ ಇಲಾಖೆಯ ಕೋಟೆ ಅದು,” ಅಂದರು ಹಮೀದಿಚ್ಚ. “ ಅನುಮತಿ ಇಲ್ಲದೆ ಹಾರಿಸಿದ್ರೆ ಡ್ರೋನನ್ನೂ ತೊಟ್ಟೆಗೆ ಹಾಕ್ತಾರೆ, ನಿನ್ನನ್ನೂ ಹಾಕ್ತಾರೆ. ಸೂರ್ಯ ಮುಳುಗುವ ಹೊತ್ತಿಗೆ ಸೀಟಿ ಊದಿ ಹೊರಗೆ ಕಳಿಸುವುದೂ ಉಂಟು. ಒಳಗೆ ಸುಮಾರು 40 ಎಕ್ರೆ. ಅಡ್ಡ ದಾಟ್ಲಿಕ್ಕೇ ನಿನ್ನ ಪಟ್ಟಿಯ ಸಮಯ ಸಾಕಾಗುವುದಿಲ್ಲ.”

“ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು,” ಅಂದರು ಮಾಷ್ಟ್ರು. “ಎಲ್ಲ ನಮ್ಮ ಮುರಕಲ್ಲು. ಘಟ್ಟದ ಮೇಲಿನಿಂದ ಇಳಿದು ಬಂದವನು ಕಡಲ ಬದಿಯಲ್ಲಿ ನಿಂತು ಯೋಚನೆ ಮಾಡಿ ಕೋಟೆ ಕಟ್ಟಿದ. ನೀವೂ ಘಟ್ಟದ ಮೇಲಿನಿಂದಲೇ ಬರುವುದು.”

“ನಾವು ಪೋಸ್ಟ್ ಹಾಕ್ತೇವೆ ಮಾಷ್ಟ್ರೇ.”

ಈ ಸಲ ಶಾಂತಕ್ಕನೇ ನಕ್ಕರು. ಹುಡುಗನಿಗೆ ಒಂದು ಅಂಕ ಸಿಕ್ಕಿತು.

“ಈಜಬೇಡಿ,” ಅಂದರು ಹಮೀದಿಚ್ಚ. ಅವರ ಧ್ವನಿಯಲ್ಲಿ ಈಗ ತಮಾಷೆ ಇರಲಿಲ್ಲ. “ಶುಕ್ರವಾರ ಅಮಾವಾಸ್ಯೆ. ಭಾನುವಾರಕ್ಕೆ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ, ದಿನಕ್ಕೆ ಐವತ್ತು ನಿಮಿಷ ತಡ ಆಗ್ತಾ ಹೋಗ್ತದೆ. ಉಬ್ಬರ ಬಂದ ಸಮಯ ನೋಡಿಕೊಳ್ಳಿ. ಇಳಿತದ ಹೊತ್ತಿಗೆ ಅಳಿವೆಯ ಹತ್ತಿರ ಮೊಣಕಾಲು ನೀರಿಗೂ ಇಳಿಯಬೇಡಿ, ಇಡೀ ಹೊಳೆಯೇ ಕಡಲಿಗೆ ಎಳೆದುಕೊಂಡು ಹೋಗ್ತಾ ಇರ್ತದೆ. ಬೇರೆ ಕಡೆಯಲ್ಲೂ ಹಾಗೆ. ಎರಡು ಬದಿ ತೆರೆ ಒಡೆದು ನಡುವೆ ಒಂದು ಓಣಿಯ ಹಾಗೆ ಶಾಂತ ನೀರು ಕಾಣ್ತದೆ, ಊರು ಗೊತ್ತಿಲ್ಲದವರು ಅಲ್ಲಿಗೇ ಇಳೀತಾರೆ. ಅದೇ ಸೆಳೆತ. ಸಿಕ್ಕಿಬಿದ್ರೆ ದಡಕ್ಕೆ ಮುಖ ಮಾಡಿ ಈಜಿದ್ರೆ ಕೈ ಸೋಲ್ತದೆ. ದಡಕ್ಕೆ ಸಮಾನವಾಗಿ ಅಡ್ಡ ಈಜಬೇಕು. ತೆರೆ ಒಡೆಯುವ ಜಾಗ ಸಿಕ್ಕಿದ ಮೇಲೆ ತೆರೆಯೇ ತಂದು ಬಿಡ್ತದೆ.”

“ಕೋಯಿಪ್ಪಾಡಿಯಲ್ಲಿ ಹೊಯ್ಗೆ ಎಲ್ಲಿ ಚಂದ ಉಂಟು?” ಸುಮಂತ ಮೆಲ್ಲಗೆ ಕೇಳಿದ.

ಹಮೀದಿಚ್ಚ ಮೊಬೈಲಿನ ಚಿತ್ರ ನೋಡಿದರು. ಬೆಳ್ಳಗಿನ ಅಗಲ ದಂಡೆ, ಸಾಲು ಗಾಳಿಮರ. “ಇದು ಹಳೆಯ ಫೋಟೋ. ಕಡಲು ತುಂಬ ಮೇಲೆ ಬಂದಿದೆ. ಒಂದು ಕಡೆ ಕಲ್ಲು ಹಾಕಿದ್ರೆ ತೆರೆ ಕಲ್ಲಿಗೆ ಬಡಿದು ಬುಡದ ಹೊಯ್ಗೆಯನ್ನೇ ತೆಗೀತದೆ, ಗೋಡೆ ಮುಗಿಯುವಲ್ಲಿ ಪಕ್ಕದವನ ತೆಂಗು ಬೀಳ್ತದೆ. ಅವನಿಗೂ ಗೋಡೆ ಬೇಕಾಗ್ತದೆ. ಹಾಗೆ ಮುಂದಕ್ಕೆ.”

“ದಂಡೆಯ ಹೊಯ್ಗೆ ಕಡಲು ತಾನೇ ಮಾಡಿದ್ದಲ್ಲ,” ಅಂದರು ಶಾಂತಕ್ಕ. “ಹೆಚ್ಚಿನದ್ದು ಹೊಳೆ ಹೊತ್ತು ತಂದದ್ದು. ಹೊಳೆಯ ಹೊಯ್ಗೆಯನ್ನು ನಾವು ಲಾರಿಗೆ ತುಂಬಿಸಿದ ಮೇಲೆ ಕಡಲಿಗೆ ಕೊಡ್ಲಿಕ್ಕೆ ಹೊಳೆಯ ಕೈಯಲ್ಲಿ ಎಂತ ಉಂಟು?”

ಭಟ್ರು ತಮ್ಮ ಜಗಲಿಯ ಕಂಬ ನೋಡಿದರು. ಹತ್ತು ವರ್ಷದ ಹಿಂದೆ ಗಾರೆ ಮಾಡಿಸಿದ್ದು. ಶಿರಿಯಾ ಹೊಳೆಯ ಹೊಯ್ಗೆ, ಒಂದೇ ಒಂದು ಕಲ್ಲು ಸಿಗದಷ್ಟು ನಯ ಅಂತ ಆಗ ಊರಿಗೆಲ್ಲ ಹೇಳಿಕೊಂಡಿದ್ದರು. ಕೈಯಿಂದ ಒಮ್ಮೆ ಸವರಿ ನೋಡಿದರು.

“ಹಾಗಾದ್ರೆ ಒಂದು ಬೀಚು ಇಲ್ಲೇ ಕವರ್ ಆಗಿದೆ,” ಅಂದರು ಶಾಂತಕ್ಕ. “ಮೇಲಿಂದ ಡಿಸ್ಟೆಂಪರ್ ಬೇರೆ ಹೊಡೆದಿದ್ದೀರಿ.”

ಭಟ್ರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಇನ್ನೊಂದು ಚಾ ಮಾಡಿಸ್ತೇನೆ,” ಅಂತ ಒಳಗೆ ಹೋದರು.

ಸುಮಂತ ಪಟ್ಟಿಯಿಂದ ಒಂದೊಂದೇ ಹೆಸರು ಅಳಿಸುತ್ತಾ ಇದ್ದ. “ಎರಡು ಇಡ್ತೇನೆ. ಬೆಳಿಗ್ಗೆ ಕಣ್ವತೀರ್ಥ, ಸಂಜೆ ಬೇಕಲ. ನಡುವೆ ಎಂತ ಮಾಡುವುದು?”

“ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ನೋಡು,” ಅಂದರು ಮಾಷ್ಟ್ರು. “1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂತ ಕರೆದವರು. ಕಾಲು ಗಂಟೆ ಸಾಲದು, ಈಗಲೇ ಹೇಳ್ತೇನೆ.”

“ಮಧ್ಯಾಹ್ನಕ್ಕೆ ಉದುಮದಲ್ಲಿ ಕಲ್ಲುಮ್ಮಕ್ಕಾಯಿ ತಿನ್ನಿ,” ಅಂದರು ಹಮೀದಿಚ್ಚ, ಒಳಗಿನ ಬಾಗಿಲ ಕಡೆ ನೋಡಿ ಧ್ವನಿ ಇಳಿಸಿ. “ಕಡಲ ಚಿಪ್ಪಿಗೆ ಅಕ್ಕಿಹಿಟ್ಟು ತುಂಬಿಸಿ ಬೇಯಿಸಿ ಹೊರಿದದ್ದು. ಮಾವನಿಗೆ ಹೇಳಬೇಡ.” ಎದ್ದು ಮುಂಡು ಸರಿ ಮಾಡಿಕೊಂಡರು. “ಸರಿ, ನಾನು ಬರುವಾ.”

ತೋಟದ ಆಚೆ ರೈಲು ಕೂಗಿತು.

“ಗೇಟು ಹಾಕಿದ,” ಅಂತ ಹಮೀದಿಚ್ಚ ತಿರುಗಿ ಕೂತು ಲೋಟ ಕೈಗೆ ತೆಗೆದುಕೊಂಡರು.