ಕೆರೆ ಹತ್ರದ ಒಂದ್ ಬೋರ್‌ವೆಲ್ಲೂ ಬತ್ತಿಲ್ಲ, ಆದ್ರೂ ಆರ್ ಸಾಫ್ಟ್‌ವೇರಲ್ಲಿ ಪಿ ವ್ಯಾಲ್ಯೂ 0.988 ಬರ್ತಿದೆ, ಯಾಕೆ?

ಯಲಹಂಕ_ಎಂಎಸ್ಸಿ:
ಎಲ್ರಿಗೂ ನಮಸ್ಕಾರ. 2024ರ ಬೇಸಿಗೇಲಿ ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತಿದ್ವಲ್ಲ, ನನ್ ಪ್ರಾಜೆಕ್ಟ್ ಅದ್ರ ಮೇಲೇನೆ, ಮನೆಮನೆ ಸುತ್ತಿ 86 ಬೋರ್‌ವೆಲ್ ಡೇಟಾ ತಂದಿದೀನಿ. ಬತ್ತಿದ್ರೆ 1, ನೀರಿದ್ರೆ 0. ಕೆರೆಯಿಂದ ಅರ್ಧ ಕಿಲೋಮೀಟರ್ ಒಳಗಿದ್ರೆ 'ಹತ್ರ', ಇಲ್ಲಾಂದ್ರೆ 'ದೂರ'. ಜಿಎಲ್‌ಎಂ ಬೈನಾಮಿಯಲ್ (ಹೌದು-ಇಲ್ಲ ಥರದ ಉತ್ತರಕ್ಕೆ ಹಾಕೋ ಲಾಜಿಸ್ಟಿಕ್ ಮಾಡೆಲ್) ಹಾಕಿದ್ರೆ 'ಹತ್ರ'ಕ್ಕೆ ಎಸ್ಟಿಮೇಟ್ ಮೈನಸ್ 17.75, ಸ್ಟ್ಯಾಂಡರ್ಡ್ ಎರರ್ (ಎಸ್ಟಿಮೇಟ್ ಎಷ್ಟು ಅಲುಗಾಡಬಹುದು ಅನ್ನೋ ಅಳತೆ) 1193, ಪಿ 0.988. ವಾರ್ನಿಂಗೂ ಬಂದಿಲ್ಲ. ಪಿ ಇಷ್ಟು ಜಾಸ್ತಿ ಅಂದ್ರೆ ಸಿಗ್ನಿಫಿಕೆಂಟ್ ಅಲ್ಲ, ಬರೀ ಆಕಸ್ಮಿಕ ಇರಬಹುದು, 'ಹತ್ರ'ನ ತೆಗ್ದುಬಿಡು ಅಂತಾರೆ ಕ್ಲಾಸಲ್ಲಿ, ನಂಗೆ ಮನಸ್ಸು ಒಪ್ತಿಲ್ಲ.

ಕೆಂಗೇರಿ_ಡೇಟಾ:
ದಯವಿಟ್ಟು ತೆಗೀಬೇಡಿ. ಮೊದ್ಲು ಟೇಬಲ್ ಫಂಕ್ಷನ್‌ಗೆ ಎರಡೂ ಕಾಲಂ ಕೊಟ್ಟು ನೋಡಿ, ಟೇಬಲ್ಲಿನ ಒಂದ್ ಚೌಕದಲ್ಲಿ ಸೊನ್ನೆ ಇರತ್ತೆ.

ಯಲಹಂಕ_ಎಂಎಸ್ಸಿ:
ಹೌದು! ದೂರ: ಬತ್ತಿದ್ದು 41, ನೀರಿರೋದು 34. ಹತ್ರ: ಬತ್ತಿದ್ದು 0, ನೀರಿರೋದು 11.

ಕೆಂಗೇರಿ_ಡೇಟಾ:
ಒಂದು ಗುಂಪಲ್ಲಿ ಎಲ್ಲಾ ಉತ್ತರನೂ ಒಂದೇ ಆಗ್ಬಿಟ್ರೆ ಅದಕ್ಕೇ ಸೆಪರೇಷನ್ ಅನ್ನೋದು. ಸೊನ್ನೆ ಇರೋದ್ರಿಂದ ಎಸ್ಟಿಮೇಟ್ ಮೈನಸ್ ಅನಂತದ ಕಡೆ ಓಡ್ತಾನೇ ಇರತ್ತೆ, ಪ್ರತಿ ಸುತ್ತಿಗೂ ಡೀವಿಯನ್ಸ್ (ಮಾಡೆಲ್ ಡೇಟಾಗೆ ಎಷ್ಟು ಹೊಂದಲ್ಲ ಅನ್ನೋ ಅಳತೆ) ಬದಲಾಗೋದು ಕಮ್ಮಿ ಆಗ್ತಾ ಆಗ್ತಾ ಇನ್ನು ಸಾಕು ಅಂತ ಜಿಎಲ್‌ಎಂ ಎಲ್ಲೋ ನಿಲ್ಸತ್ತೆ, ಅದು ನಿಂತ ಜಾಗನೇ ನಿಮ್ಮ 17.75, ಆ ನಂಬರಿಗೆ ಬೇರೆ ಅರ್ಥ ಇಲ್ಲ. ಪ್ರಾಬಬಿಲಿಟಿ ತೀರಾ ಸೊನ್ನೆ ಮುಟ್ಟೋಕ್ ಮುಂಚೆನೇ ನಿಂತಿದೆ, ಅದಕ್ಕೇ ವಾರ್ನಿಂಗ್ ಇಲ್ಲ. ಸ್ಟ್ಯಾಂಡರ್ಡ್ ಎರರ್ ಊದ್ಕೊಂಡಿರೋದ್ರಿಂದ ಸಮ್ಮರಿಯ ಪಿ ನಂಬೋ ಹಾಗೇ ಇಲ್ಲ. 'ಹತ್ರ' ಇರೋ ಮಾಡೆಲ್ಲು, ಇಲ್ದಿರೋ ಮಾಡೆಲ್ಲು ಎರಡನ್ನೂ ಹೋಲಿಸೋ ಅನೋವಾದಲ್ಲಿ ಟೆಸ್ಟ್‌ಗೆ ಕೈಸ್ಕ್ವೇರ್ ಅಂತ ಕೊಡಿ. ಎಸ್ಟಿಮೇಟ್ ಬೇಕಂದ್ರೆ ಲಾಜಿಸ್ಟ್‌ಎಫ್ ಪ್ಯಾಕೇಜ್ ಹಾಕೊಳ್ಳಿ, ಸಂಖ್ಯಾಶಾಸ್ತ್ರಜ್ಞ ಫರ್ತ್ 1993ರಲ್ಲಿ ಕೊಟ್ಟ, ಎಸ್ಟಿಮೇಟ್ ಅನಂತಕ್ಕೆ ಓಡದ ಹಾಗೆ ತಡೆಯೋ ಪೆನಾಲ್ಟಿ ಅದ್ರಲ್ಲಿದೆ.

ಯಲಹಂಕ_ಎಂಎಸ್ಸಿ:
ಅನೋವಾ 15.7, ಪಿ 0.0001ಕ್ಕಿಂತ ಕಮ್ಮಿ! ಲಾಜಿಸ್ಟ್‌ಎಫ್‌ನಲ್ಲಿ ಮೈನಸ್ 3.32. ತುಂಬಾ ಥ್ಯಾಂಕ್ಸ್ ಸರ್, ನಿನ್ನೆಯಿಂದ ಒದ್ದಾಡ್ತಿದ್ದೆ.

ಮಡಿವಾಳ_ಮೇಷ್ಟ್ರು:
ಒಂದ್ ನಿಮಿಷ ಕಣಮ್ಮ, ಆ 11 ಬೋರ್‌ವೆಲ್ ಯಾವ್ಯಾವ ಕೆರೆ ಹತ್ರದ್ದು?

ಯಲಹಂಕ_ಎಂಎಸ್ಸಿ:
9 ಜಕ್ಕೂರು ಕೆರೆ ಸುತ್ತ, 2 ಯಲಹಂಕ ಕೆರೆ ಹತ್ರ ಸರ್.

ಮಡಿವಾಳ_ಮೇಷ್ಟ್ರು:
ಅಲ್ಲೇ ಇರೋದು ನೋಡು. ಜಕ್ಕೂರು ಕೆರೆಗೆ ಶುದ್ಧೀಕರಿಸಿದ ಕೊಳಚೆ ನೀರು ಬೇಸಿಗೇಲೂ ಹರೀತಿರತ್ತೆ, ಎಲ್ಲಾ ಕೆರೆಗೂ ಆ ಭಾಗ್ಯ ಇಲ್ಲ. ಒಂದೇ ಕೆರೆಯ 9 ಬೋರ್‌ವೆಲ್ ಅಂದ್ರೆ 9 ಬೇರೆ ಬೇರೆ ಸಾಕ್ಷಿ ಅಲ್ಲ, ಜಿಎಲ್‌ಎಂ ಹಾಗಂತ ತಿಳ್ಕೊಂಡಿದೆ ಅಷ್ಟೆ, ಫರ್ತ್ ಪೆನಾಲ್ಟಿ ಇದನ್ನ ಸರಿ ಮಾಡಲ್ಲ. ಪ್ರತಿ ಕೆರೆಗೂ ಅದರದೇ ಮಟ್ಟ ಇರ್ಲಿ ಅಂತ ಮಾಡೆಲ್ಲಲ್ಲಿ ಕೆರೆಗೊಂದು ರ‍್ಯಾಂಡಮ್ ಇಂಟರ್‌ಸೆಪ್ಟ್ ಕೊಡಬಹುದು, ಆದ್ರೆ ಎರಡೇ ಕೆರೆ ಇಟ್ಕೊಂಡು ಅದು ನಿಲ್ಲಲ್ಲ. ಇನ್ನೂ ಏಳೆಂಟು ಕೆರೆ ಸೇರ್ಸು, ಬೇಸಿಗೇಲಿ ಒಣಗೋವೂ ಇರ್ಲಿ.

ಯಲಹಂಕ_ಎಂಎಸ್ಸಿ:
ಇದು ನಂಗೆ ಹೊಳೆದೇ ಇರ್ಲಿಲ್ಲ ಸರ್. ಸಬ್ಮಿಷನ್‌ಗೆ ಇನ್ನೂ ಆರು ವಾರ ಇದೆ, ಶನಿವಾರ ಸಾರಕ್ಕಿ ಕೆರೆ ಕಡೆಯಿಂದ ಶುರು ಮಾಡ್ತೀನಿ.