ದುಡ್ಡಿದ್ದೂ ಅಂಗಡಿಯಲ್ಲಿ ಕದಿಯುವ ಚಟ: ಬಿಡಿಸೋದು ಹೇಗೆ?

ಪ್ರಶ್ನೆ: ನಮ್ಮನೆಯವರೊಬ್ಬರು ಪರ್ಸಿನಲ್ಲಿ ದುಡ್ಡಿದ್ದರೂ ಮಂಡಿಪೇಟೆ ಅಂಗಡಿಗಳಲ್ಲಿ ಹೇರ್‌ಕ್ಲಿಪ್ಪು, ಲಿಪ್‌ಸ್ಟಿಕ್ಕು ಸೆರಗಿನ ಮರೆಗೆ ಸೇರಿಸ್ತಾರೆ. ತಂದದ್ದನ್ನ ಬಳಸೋದೂ ಇಲ್ಲ. ಬೈದರೆ ಅಳ್ತಾರೆ, ವಾರದಲ್ಲಿ ಮತ್ತೆ ಅದೇ. ಇದು ಕಾಯಿಲೆನಾ? ದಾವಣಗೆರೆಯಲ್ಲಿ ಎಲ್ಲಿ ತೋರಿಸಬೇಕು?

ಉತ್ತರ 1: ಬೇಕಾಗಿ ಕದಿಯೋದು ಬೇರೆ, ತಡೆಯಲಾರದೆ ಕದಿಯೋದು ಬೇರೆ. ಎರಡನೆಯದು ಕ್ಲೆಪ್ಟೋಮೇನಿಯಾ, ಅಪರೂಪದ್ದು. ಎತ್ತುವ ಮುಂಚೆ ಎದೆ ಬಿಗಿತ, ಎತ್ತಿದ ಕ್ಷಣ ಹಗುರ, ಆಮೇಲೆ ನಾಚಿಕೆ. ಆ ಹಗುರವೇ ಮೆದುಳಿಗೆ ಬಹುಮಾನ, ಅದಕ್ಕೇ ಚಟ ಗಟ್ಟಿಯಾಗೋದು. ದಯವಿಟ್ಟು ಬೈಯಬೇಡಿ: ನಾಚಿಕೆ ಹೆಚ್ಚಿದಷ್ಟೂ ಒತ್ತಡ, ಒತ್ತಡಕ್ಕೆ ಮತ್ತೆ ಕೈ ಚಾಚುತ್ತೆ. ಜೊತೆಗೆ ಖಿನ್ನತೆ ಇದೆಯಾ ಅಂತಲೂ ನೋಡಿಸಿ.

ಉತ್ತರ 2: ಸದ್ಯಕ್ಕೆ ಒಬ್ಬರನ್ನೇ ಅಂಗಡಿಗೆ ಕಳಿಸಬೇಡಿ. ಸಾಮಾನಿನ ಚೀಟಿ ಇರಲಿ, ದೊಡ್ಡ ಬ್ಯಾಗ್ ಬೇಡ. ತುಡಿತ ಬಂತೋ, ಕೈಯಲ್ಲಿದ್ದದ್ದನ್ನ ಅಲ್ಲೇ ಇಟ್ಟು ಹೊರಗೆ ಬಂದು 15 ನಿಮಿಷ ನಡೀಲಿ. ಅದು ಏರಿ ತಾನಾಗೇ ಇಳಿಯುತ್ತೆ. ಯಾವ ದಿನ, ಯಾವ ಅಂಗಡಿ, ಮುಂಚೆ ಮನೇಲಿ ಏನಾಗಿತ್ತು ಅಂತ ಬರೆದಿಡಲಿ, ಚಿಕಿತ್ಸಕರು ಮೊದಲು ಕೇಳೋದೇ ಅದು. ತುಡಿತ ತಗ್ಗಿಸೋ ನಾಲ್ಟ್ರೆಕ್ಸೋನ್ ಮಾತ್ರೆ ಕೆಲವರಿಗೆ ಫಲ ಕೊಡುತ್ತೆ, ಆದರೆ ಲಿವರ್ ಪರೀಕ್ಷೆ ಆಗಿರಬೇಕು. ಮೆಡಿಕಲ್ ಶಾಪಲ್ಲಿ ಕೇಳಿ ತರೋ ಮಾತ್ರೆಯಲ್ಲ.

ಉತ್ತರ 3: ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಹೋಗೋಕೆ ಹಿಂಜರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.